ಎವ್ರಿಮ್ಯಾನ್, ಮಾಡರ್ನ್ ಲೈಬ್ರರಿ, ವರ್ಲ್ಡ್ಸ್ ಕ್ಲಾಸಿಕ್ಸ್, ಪೆಂಗ್ವಿನ್: ಯಾವ ಮಾಲೆ ಕೂಡಿಡೋದು?

ಹಳೇ ಪುಸ್ತಕದ ಅಂಗಡಿಗೆ ಹೋಗುವವರ ಕೈಗೆ ಒಂದಲ್ಲ ಒಂದು ದಿನ ಆ ಪುಟ್ಟ ಪುಸ್ತಕ ಸಿಕ್ಕೇ ಸಿಗುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಬಟ್ಟೆ ಹೊದಿಸಿದ ರಟ್ಟು, ಬೆನ್ನಿನ ಮೇಲೆ ಮಾಸಿದ ಚಿನ್ನದ ಬಳ್ಳಿ. ಒಳಗೆ ಡಿಕನ್ಸೋ ಟಾಲ್‌ಸ್ಟಾಯೋ ಇರುತ್ತಾರೆ. ಬೆಲೆ ಒಂದು ಮಸಾಲೆದೋಸೆ, ಕಾಫಿಯಷ್ಟು. ಮನೆಗೆ ತಂದು ಧೂಳು ಒರೆಸಿದ ಮೇಲೆ ಎರಡು ಪ್ರಶ್ನೆ ಏಳುತ್ತವೆ. ಇದು ಯಾವ ಕಾಲದ್ದು? ಇಂಥವನ್ನೇ ಹುಡುಕಿ ಕೂಡಿಡೋಕೆ ಶುರುಮಾಡಿದರೆ ಹೇಗೆ?

ಈ ಎರಡನೇ ಪ್ರಶ್ನೆ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ಒಂದೇ ಗೊಂದಲ. ಎವ್ರಿಮ್ಯಾನ್ಸ್ ಲೈಬ್ರರಿ ಹಿಡಿಯೋದಾ, ಅಮೆರಿಕದ ಮಾಡರ್ನ್ ಲೈಬ್ರರಿಯಾ, ಆಕ್ಸ್‌ಫರ್ಡಿನ ವರ್ಲ್ಡ್ಸ್ ಕ್ಲಾಸಿಕ್ಸಾ, ಪೆಂಗ್ವಿನ್ ಕ್ಲಾಸಿಕ್ಸಾ? ನಾಲ್ಕೂ ಹೆಸರಾಂತ ಪುಸ್ತಕಗಳನ್ನು ಒಂದೇ ರೂಪದಲ್ಲಿ ಸಾಲಾಗಿ ತರುವ ಮಾಲೆಗಳು, ಒಂದೇ ಕೆಲಸಕ್ಕೆ ಹುಟ್ಟಿದವು. ಒಳ್ಳೆಯ ಪುಸ್ತಕ ಸಾಮಾನ್ಯ ಜನರ ಕೈಗೆ ಕಡಿಮೆ ಬೆಲೆಗೆ ಸಿಗಬೇಕು ಅನ್ನುವುದು ಆ ಕೆಲಸ. ಆದರೆ ಕೂಡಿಡುವವರಿಗೆ ನಾಲ್ಕೂ ನಾಲ್ಕು ಥರ.

ಮೊದಲೇ ಒಂದು ಮಾತು. ಇದು ದುಡ್ಡು ಬೆಳೆಸುವ ದಾರಿ ಅಂದುಕೊಂಡು ಬರಬೇಡಿ. ಇವು ಲಕ್ಷಗಟ್ಟಲೆ ಅಚ್ಚಾದ ಪುಸ್ತಕಗಳು. ಎಲ್ಲೋ ಒಂದೆರಡು ಬಿಟ್ಟರೆ ಉಳಿದವಕ್ಕೆ ದೊಡ್ಡ ಬೆಲೆ ಬರುವುದಿಲ್ಲ. ಇಲ್ಲಿ ಸಿಗುವ ಸುಖ ಬೇರೆ. ಕೈಯಲ್ಲಿರುವ ಪುಸ್ತಕ ಯಾವ ವರ್ಷದ್ದು, ಯಾವ ಹಾದಿಯಲ್ಲಿ ನಮ್ಮೂರಿಗೆ ಬಂತು ಅಂತ ಅದರ ಮೈ ನೋಡಿಯೇ ಹೇಳುವ ಸುಖ. ಆಮೇಲೆ ಅದನ್ನೇ ಓದುವ ಸುಖ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ನಾನು ಐದು ವಿಷಯ ನೋಡುತ್ತೇನೆ. ಒಂದು, ನೀವಿರುವ ಊರಿನಲ್ಲಿ ಅದು ಸಿಗುತ್ತದಾ? ಹೊರದೇಶದಿಂದ ತರಿಸಿದರೆ ಎಷ್ಟೋ ಸಲ ಪುಸ್ತಕಕ್ಕಿಂತ ಅಂಚೆ ಖರ್ಚೇ ಜಾಸ್ತಿ. ಎರಡು, ನಮ್ಮ ಹವೆಯನ್ನು ತಡೆಯುತ್ತದಾ? ಬೆಂಗಳೂರು, ಮೈಸೂರಲ್ಲಿ ಇರುವವರಿಗೆ ಇದು ದೊಡ್ಡ ವಿಷಯ ಅಲ್ಲ. ಮಂಗಳೂರು, ಸಾಗರ, ಶಿರಸಿ ಕಡೆಯವರಿಗೆ ಇದೇ ಮೊದಲ ವಿಷಯ. ಮೂರು, ಪುಸ್ತಕ ತನ್ನ ವಯಸ್ಸನ್ನು ತಾನೇ ಹೇಳುತ್ತದಾ, ಇಲ್ಲ ನಾವು ಪತ್ತೇದಾರಿ ಮಾಡಬೇಕಾ? ನಾಲ್ಕು, ನಿಜವಾಗಿ ಕೂತು ಓದಲು ಆಗುತ್ತದಾ? ಅಕ್ಷರ ಎಷ್ಟು ಸಣ್ಣ, ಅನುವಾದ ಎಂಥದ್ದು? ಐದು, ಎಲ್ಲಿಗೆ ನಿಲ್ಲಿಸೋದು? ಸಾವಿರ ಪುಸ್ತಕದ ಮಾಲೆ ಪೂರ್ತಿ ಕೂಡಿಸಲು ಮನೆ ಸಾಲದು. ನಡುವೆ ಎಲ್ಲಾದರೂ ಒಂದು ಗೆರೆ ಎಳೆಯಲು ಆ ಮಾಲೆಯಲ್ಲಿ ಜಾಗ ಇರಬೇಕು.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಕನ್ನಡ ಪುಸ್ತಕದಲ್ಲಿ 'ಮೊದಲ ಮುದ್ರಣ' ಅಂತ ಇದ್ದರೆ ನಮಗೆ ಅನುಮಾನ ಇರುವುದಿಲ್ಲ. ಮರುಮುದ್ರಣದ ಮಾಲೆಯಲ್ಲಿ ಹಾಗಲ್ಲ. ಅಲ್ಲಿ ಮೂರು ವರ್ಷಗಳಿರುತ್ತವೆ. ಕಾದಂಬರಿ ಮೊಟ್ಟಮೊದಲು ಪ್ರಕಟವಾದ ವರ್ಷ ಒಂದು. ಅದು ಈ ಮಾಲೆಗೆ ಸೇರಿದ ವರ್ಷ ಇನ್ನೊಂದು. ನಿಮ್ಮ ಕೈಯಲ್ಲಿರುವ ಪ್ರತಿ ಅಚ್ಚಾದ ವರ್ಷ ಮತ್ತೊಂದು. ಆನ್‌ಲೈನಿನಲ್ಲಿ ಮಾರುವವರು ಈ ಮೂರನ್ನೂ ಕಲಸಿಬಿಡುತ್ತಾರೆ. ನನಗೂ ಹೀಗಾಗಿದೆ. '1906ರ ಮೊದಲ ಎವ್ರಿಮ್ಯಾನ್' ಅಂತ ಹಾಕಿದ್ದನ್ನು ನಂಬಿ ಒಳ್ಳೆಯ ಬೆಲೆ ಕೊಟ್ಟು ತರಿಸಿದೆ. ರಟ್ಟು ತೆರೆದ ಕೂಡಲೇ ಗೊತ್ತಾಯಿತು. ಒಳಹಾಳೆಯ (ರಟ್ಟಿನ ಒಳಮೈಗೆ ಅಂಟಿಸಿದ ಹಾಳೆ) ಮೇಲಿದ್ದ ಚಿತ್ತಾರ ಎರಿಕ್ ರೆವಿಲಿಯಸ್ ಅನ್ನುವ ಇಂಗ್ಲಿಷ್ ಕಲಾವಿದರು ಮಾಡಿದ್ದು. ಅದು ಈ ಮಾಲೆಗೆ ಬಂದದ್ದೇ 1935ರಲ್ಲಿ. ಮಾರಿದವರು ನೋಡಿದ್ದು ಮಾಲೆಗೆ ಸೇರಿದ ವರ್ಷ. ಕಳಿಸಿದ್ದು ಅದಕ್ಕಿಂತ ಮೂವತ್ತು ವರ್ಷ ಚಿಕ್ಕ ಪುಸ್ತಕ. ಅಂದಿನಿಂದ ಶೀರ್ಷಿಕೆ ಪುಟದ ಹಿಂಬದಿಯ ಫೋಟೊ, ಒಳಹಾಳೆಯ ಫೋಟೊ ಎರಡೂ ನೋಡದೆ ನಾನು ದುಡ್ಡು ಕಳಿಸುವುದಿಲ್ಲ. ನೀವೂ ಕೇಳಿ ತರಿಸಿಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ.

ಎವ್ರಿಮ್ಯಾನ್ಸ್ ಲೈಬ್ರರಿ

ಇದರ ಮೇಲೆ ನನಗೆ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಜೋಸೆಫ್ ಡೆಂಟ್ ಅನ್ನುವವರು ಇದನ್ನು ಶುರುಮಾಡಿದರು. ಡಾರ್ಲಿಂಗ್ಟನ್ ಊರಿನಲ್ಲಿ ಮನೆಗಳಿಗೆ ಬಣ್ಣ ಹೊಡೆಯುವವರ ಮಗ. ಪುಸ್ತಕ ಬೈಂಡು ಮಾಡುವ ಕೆಲಸದಿಂದ ಮೇಲೆ ಬಂದವರು. ಸಂಪಾದಕರು ಅರ್ನೆಸ್ಟ್ ರೀಸ್. ಸಾವಿರ ಪುಸ್ತಕ, ಒಂದೊಂದಕ್ಕೆ ಒಂದು ಶಿಲ್ಲಿಂಗ್. ಇದು ಡೆಂಟರ ಕನಸು. 1906ರ ಫೆಬ್ರವರಿಯಲ್ಲಿ ಮೊದಲ ಕಂತು ಬಂತು. ಆ ವರ್ಷವೇ 150ಕ್ಕೂ ಹೆಚ್ಚು ಪುಸ್ತಕ ಹೊರಬಂದವು. ಕೆಲಸ ಎಷ್ಟು ಬೆಳೆಯಿತೆಂದರೆ ಲೆಚ್‌ವರ್ತ್ ಊರಿನಲ್ಲಿ ಹೊಸ ಮುದ್ರಣಾಲಯವನ್ನೇ ಕಟ್ಟಬೇಕಾಯಿತು. ಡೆಂಟ್ 1926ರಲ್ಲಿ ತೀರಿಕೊಂಡರು. ಸಾವಿರನೇ ಪುಸ್ತಕ ಬಂದದ್ದು 1956ರಲ್ಲಿ. ಅದು ಅರಿಸ್ಟಾಟಲನದು.

ವಯಸ್ಸು ಹೇಳುವ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾದ ಮಾಲೆ ಹಳೆಯದರಲ್ಲಿ ಕಡಿಮೆ. ಶೀರ್ಷಿಕೆ ಪುಟದ ಹಿಂಬದಿ ನೋಡಿ. ಈ ಆವೃತ್ತಿ ಮೊದಲು ಬಂದ ವರ್ಷ, ಆಮೇಲೆ ಮರುಮುದ್ರಣವಾದ ವರ್ಷಗಳು ಸಾಲಾಗಿ ಇರುತ್ತವೆ. ಸಾಲಿನ ಕೊನೆಯ ವರ್ಷವೇ ನಿಮ್ಮ ಪ್ರತಿಯದ್ದು. ಅಷ್ಟೇ ಕೆಲಸ.

ಆ ಪುಟ ಹರಿದಿದ್ದರೆ ಮೈ ನೋಡಬೇಕು. ಬೆನ್ನಿನ ತುಂಬ ಚಿನ್ನದ ಹೂಬಳ್ಳಿ, ತೆರೆದರೆ ಎರಡು ಪುಟ ತುಂಬಿದ ಮರದಚ್ಚಿನಂಥ ಅಲಂಕಾರ ಇದ್ದರೆ ಅದು ಮೊದಲ ಕಾಲದ್ದು. ರೆಜಿನಾಲ್ಡ್ ನೋಲ್ಸ್ ಬರೆದ ವಿನ್ಯಾಸ. ಪ್ರಕಾಶಕರ ಹೆಸರು 'ಡೆಂಟ್ ಅಂಡ್ ಕೋ' ಅಂತಿದ್ದರೆ ಸುಮಾರು 1909ಕ್ಕಿಂತ ಹಿಂದಿನದು, 'ಡೆಂಟ್ ಅಂಡ್ ಸನ್ಸ್' ಅಂತಿದ್ದರೆ ಆಮೇಲಿನದು. ಬಳ್ಳಿ ಹೋಗಿ ಬೆನ್ನು ಸರಳವಾಗಿದ್ದು, ಒಳಹಾಳೆಯಲ್ಲಿ ರೆವಿಲಿಯಸ್ ಚಿತ್ತಾರ ಇದ್ದರೆ 1935ರ ಈಚಿನದು. ಕಾಗದ ತೆಳ್ಳಗೆ, ಕಂದು ಬಣ್ಣಕ್ಕೆ ತಿರುಗಿ, ಯುದ್ಧಕಾಲದ ಮಿತವ್ಯಯದ ಮುದ್ರೆ ಇದ್ದರೆ ಎರಡನೇ ಮಹಾಯುದ್ಧದ ಹೊತ್ತಿನದು. ಅಳತೆ ದೊಡ್ಡದಾಗಿದ್ದರೆ 1953ರ ನಂತರದ್ದು.

ಮಾಲೆಯಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಇದೆ. ಅದನ್ನು ನಂಬಬಹುದಾ? ಬಹುಮಟ್ಟಿಗೆ ಹೌದು. ಆದರೆ ಇಲ್ಲೊಂದು ಸ್ವಾರಸ್ಯ ಇದೆ. ನನ್ನ ಬಳಿ 944ನೇ ಸಂಖ್ಯೆಯ ಎರಡು ಪುಸ್ತಕಗಳಿವೆ. ಎರಡರ ಹೆಸರೂ 'ಹಿಂದೂ ಸ್ಕ್ರಿಪ್ಚರ್ಸ್'. ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮ ಅನ್ನಬೇಕು. ತೆರೆದು ನೋಡಿದರೆ ಸಂಬಂಧವೇ ಇಲ್ಲ. ಒಂದು 1938ರಲ್ಲಿ ನಿಕೋಲ್ ಮೆಕ್ನಿಕೋಲ್ ಸಂಪಾದಿಸಿದ್ದು, ಮುನ್ನುಡಿ ರವೀಂದ್ರನಾಥ ಠಾಕೂರರದ್ದು. ಇನ್ನೊಂದು 1966ರದ್ದು, ಆರ್. ಸಿ. ಝೇನರ್ ತಾವೇ ಅನುವಾದ ಮಾಡಿದ್ದು. ಅಂಗಡಿಯವರ ಪಾಲಿಗೆ ಎರಡೂ ಒಂದೇ ಪುಸ್ತಕ. ಠಾಕೂರರ ಮಾತು ಬೇಕಿದ್ದವರು ಸಂಖ್ಯೆ ನೋಡಿ ಕೊಂಡರೆ ಝೇನರ್ ಮನೆಗೆ ಬರುತ್ತಾರೆ.

ಭಾರತಕ್ಕೆ ಸಂಬಂಧಪಟ್ಟ ಇಂಥ ಪುಸ್ತಕಗಳಿಂದಲೇ ಶುರುಮಾಡಿ ಅಂತ ನಾನು ಹೇಳುತ್ತೇನೆ. ರಮೇಶಚಂದ್ರ ದತ್ತರು ಇಂಗ್ಲಿಷ್ ಪದ್ಯದಲ್ಲಿ ಸಂಗ್ರಹಿಸಿದ ರಾಮಾಯಣ, ಮಹಾಭಾರತ ಎರಡೂ ಸೇರಿ 403ನೇ ಸಂಖ್ಯೆ. ಆರ್ಥರ್ ರೈಡರ್ ಅನುವಾದಿಸಿದ ಕಾಳಿದಾಸ 629. ಇವು ನಮ್ಮ ಕಡೆ ಆಗಾಗ ಕಾಣುತ್ತವೆ, ಬೆಲೆಯೂ ಹೊರೆಯಲ್ಲ. ಹೀಗೆ ಒಂದು ಗೆರೆ ಎಳೆದುಕೊಂಡರೆ ಸಾವಿರದ ಭಯ ಇರುವುದಿಲ್ಲ. ಮುಗಿಸಿದ ತೃಪ್ತಿಯೂ ಸಿಗುತ್ತದೆ.

ಕೊರತೆಗಳೂ ಇವೆ. ಹಳೆಯವುಗಳಲ್ಲಿ ಅಕ್ಷರ ಸಣ್ಣ. ನಲವತ್ತು ದಾಟಿದವರಿಗೆ ರಾತ್ರಿ ಓದು ಕಷ್ಟ. ಅನುವಾದಗಳು ಆ ಕಾಲದವು, ಭಾಷೆ ಭಾರ ಅನ್ನಿಸಬಹುದು. ಆದರೆ ಹೊಲಿಗೆ ಗಟ್ಟಿ. ಕೊಡಗಿನ ಮನೆಯೊಂದರ ಅಟ್ಟದಲ್ಲಿ ಎಷ್ಟೋ ಮಳೆಗಾಲ ಕಳೆದ ಒಂದು ಪ್ರತಿ ನನ್ನ ಹತ್ತಿರ ಇದೆ. ರಟ್ಟಿನ ಬಣ್ಣ ಹೋಗಿದೆ. ಅಂಚಿನಲ್ಲಿ ಬೆಳ್ಳಿ ಹುಳ ಕೊರೆದ ಗುರುತಿದೆ. ಒಂದು ಹಾಳೆಯೂ ಕಳಚಿಲ್ಲ.

ಹೊಸ ಎವ್ರಿಮ್ಯಾನ್ ಬೇರೆಯೇ ಲೆಕ್ಕ. 1991ರಲ್ಲಿ ಮಾಲೆಗೆ ಮತ್ತೆ ಜೀವ ಬಂತು. ದೊಡ್ಡ ಅಕ್ಷರ, ಆಮ್ಲವಿಲ್ಲದ ಕಾಗದ, ಹೊಲಿದ ಬೈಂಡು, ಗುರುತಿಗೆ ರೇಷ್ಮೆಯ ದಾರ. ಒಂದು ಪುಸ್ತಕದ ದುಡ್ಡಿಗೆ ಹಳೆಯವು ಐದಾರು ಬರುತ್ತವೆ ನಿಜ. ಆದರೆ ಓದಲು, ಮೊಮ್ಮಕ್ಕಳಿಗೆ ಬಿಡಲು ಇದಕ್ಕಿಂತ ಚೆನ್ನಾದದ್ದು ಈ ಪಟ್ಟಿಯಲ್ಲಿಲ್ಲ. ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ 2006ರಲ್ಲಿ ಈ ಮಾಲೆಗೆ ಸೇರಿದರು. ಸ್ವಾಮಿ, ಚಂದ್ರನ್, ಸಾವಿತ್ರಿ, ಇಂಗ್ಲಿಷ್ ಮೇಷ್ಟ್ರು ಎಲ್ಲರೂ ಒಂದೇ ಸಂಪುಟದಲ್ಲಿದ್ದಾರೆ. ನಾರಾಯಣ್ ಹುಟ್ಟಿದ್ದು 1906, ಎವ್ರಿಮ್ಯಾನ್ ಹುಟ್ಟಿದ್ದೂ 1906. ಇಬ್ಬರೂ ಕೂಡಿದ್ದು ನೂರನೇ ವರ್ಷದಲ್ಲಿ. ಆ ಸಂಪುಟ ಕಪಾಟಿನಲ್ಲಿ ಕಂಡಾಗಲೆಲ್ಲ ನನಗೆ ಇದು ನೆನಪಾಗಿ ಖುಷಿಯಾಗುತ್ತದೆ.

ಮಾಡರ್ನ್ ಲೈಬ್ರರಿ

ಪತ್ತೇದಾರಿ ಇಷ್ಟ ಇರುವವರಿಗೆ ಇದು ಹಬ್ಬ. ಆಲ್ಬರ್ಟ್ ಬೋನಿ, ಹೊರೇಸ್ ಲಿವ್‌ರೈಟ್ ಇಬ್ಬರೂ ಸೇರಿ 1917ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ್ದು. ಮೊದಲ ಪುಸ್ತಕ ಆಸ್ಕರ್ ವೈಲ್ಡನ ಡೋರಿಯನ್ ಗ್ರೇ, ಬೆಲೆ 60 ಸೆಂಟ್. 1925ರಲ್ಲಿ ಬೆನೆಟ್ ಸರ್ಫ್, ಡೊನಾಲ್ಡ್ ಕ್ಲಾಪ್ಫರ್ ಅನ್ನುವ ಇಬ್ಬರು ಯುವಕರು ಮಾಲೆಯನ್ನು ಕೊಂಡುಕೊಂಡರು. ಇದರ ಗಳಿಕೆಯ ಮೇಲೆಯೇ ಎರಡು ವರ್ಷಕ್ಕೆ ರ‍್ಯಾಂಡಮ್ ಹೌಸ್ ಕಟ್ಟಿದರು. ಎವ್ರಿಮ್ಯಾನ್ ಹಳೆಯ ಮಹಾಗ್ರಂಥಗಳ ಕಡೆ ವಾಲಿದರೆ, ಇದು ಹೆಸರಿಗೆ ತಕ್ಕಂತೆ ಆಗಿನ ಹೊಸಬರ ಕಡೆ ವಾಲಿತ್ತು.

ಕಷ್ಟ ಏನೆಂದರೆ, ಮರುಮುದ್ರಣದ ವರ್ಷ ಇವರು ಹಾಕುತ್ತಿರಲಿಲ್ಲ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಹಕ್ಕುಸ್ವಾಮ್ಯದ ವರ್ಷ ಮಾತ್ರ. 1932 ಅಂತ ಅಚ್ಚಾದ ಪುಸ್ತಕ 1955ರದ್ದೂ ಆಗಿರಬಹುದು. ಸಂಖ್ಯೆಯನ್ನೂ ನಂಬುವಂತಿಲ್ಲ. ಮಾರಾಟವಾಗದ ಪುಸ್ತಕವನ್ನು ಪಟ್ಟಿಯಿಂದ ತೆಗೆದು ಅದೇ ಸಂಖ್ಯೆಯನ್ನು ಬೇರೆ ಪುಸ್ತಕಕ್ಕೆ ಕೊಡುತ್ತಿದ್ದರು. 'ಮೊದಲ ಮಾಡರ್ನ್ ಲೈಬ್ರರಿ ಆವೃತ್ತಿ' ಅನ್ನುವ ಸಾಲು ಕೆಲವದರಲ್ಲಿ ಇರುತ್ತದೆ. ಆ ಸಾಲೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ.

ಹಾಗಾದರೆ ದಾರಿ? ಮೂರು ಗುರುತು ಸೇರಿಸಿ ನೋಡಬೇಕು. ಮೊದಲು ಬೈಂಡು. ಆರಂಭದವು ಮೆತ್ತನೆಯ ಕೃತಕ ಚರ್ಮದವು. ಅದಕ್ಕೆ ಹರಳೆಣ್ಣೆಯ ಅಂಶ ಬಳಸಿದ್ದರು, ಬಿಸಿಲು ಬಿದ್ದರೆ ವಾಸನೆ ಬರುತ್ತಿತ್ತು. 1929ರ ಸುಮಾರಿಗೆ ಬಳುಕುವ ತೆಳು ಬಟ್ಟೆ ಬಂತು. 1939–40ರ ಹೊತ್ತಿಗೆ ಪುಸ್ತಕ ಸ್ವಲ್ಪ ದೊಡ್ಡದಾಗಿ, ಗಟ್ಟಿ ರಟ್ಟು ಬಂತು. ಎರಡನೆಯದು ಒಳಹಾಳೆ ಮತ್ತು ಮಾಲೆಯ ಲಾಂಛನವಾದ, ಪಂಜು ಹಿಡಿದು ಓಡುವ ಆಕೃತಿ. ಆ ಆಕೃತಿಯನ್ನು ಮೊದಲು ಬರೆದವರು ಲೂಸಿಯನ್ ಬರ್ನ್‌ಹಾರ್ಡ್, 1925ರಲ್ಲಿ. 1929ರಲ್ಲಿ ರಾಕ್‌ವೆಲ್ ಕೆಂಟ್ ಅದನ್ನು ತಿದ್ದಿ, ಒಳಹಾಳೆಯನ್ನೂ ಬರೆದರು. ಎರಡು ಓಟಗಾರರನ್ನೂ ಪಕ್ಕಪಕ್ಕ ಒಮ್ಮೆ ನೋಡಿದರೆ ಸಾಕು, ಮತ್ತೆ ತಪ್ಪುವುದಿಲ್ಲ.

ಮೂರನೆಯದೇ ನಿಜವಾದ ಕೀಲಿ. ಪುಸ್ತಕದ ಕೊನೆಯಲ್ಲೋ ಜಾಕೆಟ್ಟಿನ (ರಟ್ಟಿನ ಮೇಲೆ ಹಾಕುವ ಕಾಗದದ ಹೊದಿಕೆ) ಒಳಮೈಯಲ್ಲೋ ಆಗ ಮಾರಾಟದಲ್ಲಿದ್ದ ಎಲ್ಲ ಪುಸ್ತಕಗಳ ಪಟ್ಟಿ ಇರುತ್ತದೆ. ಅದರಲ್ಲಿ ತೀರ ಹೊಸದಾಗಿ ಸೇರಿದ ಪುಸ್ತಕ ಯಾವುದು ಅಂತ ಹುಡುಕಿ. ನಿಮ್ಮ ಪ್ರತಿ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆಮೇಲೆ, ಯಾವ ಪುಸ್ತಕ ಇನ್ನೂ ಸೇರಿಲ್ಲ ಅಂತ ನೋಡಿ. ನಿಮ್ಮ ಪ್ರತಿ ಬಹುಶಃ ಅದು ಬರುವ ಮೊದಲಿನದು. ಈ ಎರಡರ ನಡುವೆ ವರ್ಷ ಸಿಕ್ಕಿಬೀಳುತ್ತದೆ. ಎಷ್ಟೋ ಸಲ ಆರು ತಿಂಗಳ ಅಂತರಕ್ಕೆ ಹಿಡಿಯಬಹುದು. ಒಂದು ಭಾನುವಾರ ಮಧ್ಯಾಹ್ನ ಕಳೆಯಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ಹೀಗಾಗಿ ಇಲ್ಲಿ ಜಾಕೆಟ್ ಬಹಳ ಮುಖ್ಯ. ಎವ್ರಿಮ್ಯಾನಿಗೆ ಜಾಕೆಟ್ ಇಲ್ಲದಿದ್ದರೂ ನಡೆಯುತ್ತದೆ. ಮಾಡರ್ನ್ ಲೈಬ್ರರಿಯಲ್ಲಿ ಅದು ಅರ್ಧ ಬೆಲೆ, ಅರ್ಧ ಸಾಕ್ಷಿ. ಆದರೆ ಎಚ್ಚರ, ಜಾಕೆಟ್ ಬೇರೆ ಪುಸ್ತಕದಿಂದ ಬಂದಿರಬಹುದು. ಬೈಂಡಿನ ಕಾಲವೂ ಪಟ್ಟಿಯ ಕಾಲವೂ ಹೊಂದುತ್ತವಾ ನೋಡಿ.

ದೊಡ್ಡ ಬೆಲೆ ಬರುವ ಒಂದೆರಡು ಪುಸ್ತಕ ಅಂದೆನಲ್ಲ, ಅವು ಇಲ್ಲಿವೆ. ಕೆಲವು ಲೇಖಕರು ಈ ಮಾಲೆಗೆಂದೇ ಹೊಸ ಮುನ್ನುಡಿ ಬರೆದಿದ್ದಾರೆ. ಫಾಕ್ನರ್ 1932ರಲ್ಲಿ 'ಸ್ಯಾಂಕ್ಚುಅರಿ'ಗೆ ಬರೆದದ್ದು, ಫಿಟ್ಸ್‌ಜೆರಾಲ್ಡ್ 1934ರಲ್ಲಿ 'ಗ್ರೇಟ್ ಗ್ಯಾಟ್ಸ್‌ಬಿ'ಗೆ ಬರೆದದ್ದು. ಗ್ಯಾಟ್ಸ್‌ಬಿ ಆಗ ಮಾರಾಟವಾಗಲಿಲ್ಲ, ಪಟ್ಟಿಯಿಂದ ತೆಗೆದುಬಿಟ್ಟರು. ಇವತ್ತು ಜಾಕೆಟ್ ಸಮೇತ ಅದು ಸಿಗುವುದು ಕಷ್ಟ.

ಇದೆಲ್ಲ ಸರಿ, ಆದರೆ ಕರ್ನಾಟಕದಲ್ಲಿ ಕೂತು ಈ ಮಾಲೆ ಕೂಡಿಸೋದು ಕಷ್ಟ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಪುಸ್ತಕ ಇದು, ನಮ್ಮ ಅಂಗಡಿಗಳಲ್ಲಿ ಅಪರೂಪ. ಆ ಕೃತಕ ಚರ್ಮ ನಮ್ಮ ಸೆಕೆಗೆ ಅಂಟಂಟಾಗುತ್ತದೆ. ಅದೇ ನೀವು ಅಮೆರಿಕದಲ್ಲಿರುವ ಕನ್ನಡಿಗರಾದರೆ ಯೋಚನೆಯೇ ಬೇಡ, ಇದನ್ನೇ ಹಿಡಿಯಿರಿ. ಊರಿನ ಲೈಬ್ರರಿಗಳು ನಡೆಸುವ ಹಳೇ ಪುಸ್ತಕದ ಮಾರಾಟಕ್ಕೆ ಹೋಗಿ. ನಿಮ್ಮ ಕಾಲಬುಡದಲ್ಲಿರುವುದನ್ನು ಬಿಟ್ಟು ಲಂಡನ್ನಿನಿಂದ ಎವ್ರಿಮ್ಯಾನ್ ತರಿಸುವುದರಲ್ಲಿ ಅರ್ಥ ಇಲ್ಲ.

ವರ್ಲ್ಡ್ಸ್ ಕ್ಲಾಸಿಕ್ಸ್

ಯಾರೂ ಗಮನ ಕೊಡದ ಒಳ್ಳೆಯ ಮಾಲೆ ಇದು. ಎವ್ರಿಮ್ಯಾನಿಗಿಂತ ಐದು ವರ್ಷ ಹಿರಿಯದು. ಗ್ರಾಂಟ್ ರಿಚರ್ಡ್ಸ್ 1901ರಲ್ಲಿ 'ಜೇನ್ ಐರ್' ಮೂಲಕ ಶುರುಮಾಡಿದರು. ಅವರು ದಿವಾಳಿಯಾದ ಮೇಲೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಕೈಗೆ ಬಂತು. ನಿಜವಾಗಿ ಜೇಬಿಗೆ ಹಿಡಿಯುವ ಅಳತೆ, ಸುಮಾರು 15 ಸೆಂಟಿಮೀಟರ್ ಎತ್ತರ. ತೆಳು ಕಾಗದದ ಪ್ರತಿಗಳಂತೂ ಕೈಯಲ್ಲಿ ಹೂವಿನ ಹಾಗೆ. ರೈಲಿನಲ್ಲಿ ಓದುವವರಿಗೆ ಹೇಳಿ ಮಾಡಿಸಿದ್ದು.

ವಯಸ್ಸು ಹಿಡಿಯುವುದೂ ಸುಲಭ. ಮರುಮುದ್ರಣದ ವರ್ಷಗಳು ಸಾಮಾನ್ಯವಾಗಿ ಇರುತ್ತವೆ. ಇಲ್ಲದಿದ್ದರೆ ಶೀರ್ಷಿಕೆ ಪುಟದ ಬುಡದಲ್ಲಿ ಪ್ರಕಾಶಕರ ಹೆಸರು ಓದಿ. ಹೆನ್ರಿ ಫ್ರೌಡ್ ಇದ್ದರೆ 1913ರ ಒಳಗಿನದು. ಹಂಫ್ರಿ ಮಿಲ್ಫರ್ಡ್ ಇದ್ದರೆ 1913ರಿಂದ 1945. ಜೆಫ್ರಿ ಕಂಬರ್ಲೆಜ್ ಇದ್ದರೆ 1945ರಿಂದ 1956. ಮೂರು ಹೆಸರು ಬಾಯಿಪಾಠ ಮಾಡಿಕೊಂಡರೆ ಅಂಗಡಿಯಲ್ಲಿ ನಿಂತೇ ಕಾಲ ಹೇಳಬಹುದು. ಅದೇ ಪುಟದಲ್ಲಿ ಬಾಂಬೆ, ಕಲ್ಕತ್ತಾ, ಮದ್ರಾಸು ಅಂತ ಊರುಗಳ ಹೆಸರೂ ಕಾಣುತ್ತವೆ. ಆಕ್ಸ್‌ಫರ್ಡಿಗೆ ಇಲ್ಲೇ ಶಾಖೆಗಳಿದ್ದವು. ಹಾಗಾಗಿ ಈ ಪುಸ್ತಕಗಳು ನಮ್ಮ ಕಾಲೇಜುಗಳಿಗೆ, ಮೇಷ್ಟ್ರುಗಳ ಮನೆಗೆ ಬಂದವು. ಒಳಗೆ ಹಳೇ ವಿದ್ಯಾರ್ಥಿಗಳ ಪೆನ್ಸಿಲ್ ಬರಹ ಇದ್ದರೆ ಅಳಿಸಬೇಡಿ.

ಟಾಲ್‌ಸ್ಟಾಯ್ ಓದುವವರಿಗೆ ಇಲ್ಲಿ ದೊಡ್ಡ ಲಾಭ ಇದೆ. ಅವರನ್ನು ಖುದ್ದು ಬಲ್ಲ ಮಾಡ್ ದಂಪತಿಯ ಅನುವಾದಗಳು ಈ ಮಾಲೆಯಲ್ಲಿವೆ. ಮುನ್ನುಡಿ ಬರೆದವರೂ ಸಣ್ಣವರಲ್ಲ. 1928ರಲ್ಲಿ ಸ್ಟರ್ನ್‌ನ ಪುಸ್ತಕಕ್ಕೆ ವರ್ಜೀನಿಯಾ ವುಲ್ಫ್, ಅದೇ ವರ್ಷ 'ಮೂನ್‌ಸ್ಟೋನ್'ಗೆ ಟಿ. ಎಸ್. ಎಲಿಯಟ್. 1980ರಲ್ಲಿ ಮಾಲೆ ಪೇಪರ್‌ಬ್ಯಾಕ್ ಆಯಿತು. ಆಮೇಲಿನವು ಓದಲು, ಟಿಪ್ಪಣಿಗೆ ಬಹಳ ಚೆನ್ನ. ಆದರೆ ಕೂಡಿಡುವ ಆಸೆ ನನಗೆ ಹುಟ್ಟಿಲ್ಲ.

ಪೆಂಗ್ವಿನ್ ಕ್ಲಾಸಿಕ್ಸ್

ಕೈಯಲ್ಲಿ ದುಡ್ಡು ಕಡಿಮೆ, ಓದುವ ಹಸಿವು ಜಾಸ್ತಿ ಇರುವ ವಿದ್ಯಾರ್ಥಿಗೆ ನನ್ನ ಉತ್ತರ ಇದು. 1946ರ ಜನವರಿಯಲ್ಲಿ ಇ. ವಿ. ರಿಯೂ ಅನುವಾದಿಸಿದ 'ಒಡಿಸ್ಸಿ'ಯಿಂದ ಶುರು. ಉಳಿದ ಮಾಲೆಗಳು ಹಳೇ ಅನುವಾದವನ್ನೇ ಮತ್ತೆ ಅಚ್ಚುಹಾಕುತ್ತಿದ್ದಾಗ ಇವರು ಹೊಸದಾಗಿ, ತಿಳಿಯಾದ ಭಾಷೆಯಲ್ಲಿ ಬರೆಸಿದರು. ಹಾಗಾಗಿ ಇದು ಬರೀ ಮರುಮುದ್ರಣ ಅಲ್ಲ. ಇಲ್ಲಿ 'ಮೊದಲ ಮುದ್ರಣ' ಅಂದರೆ ಆ ಅನುವಾದದ್ದೇ ಮೊದಲ ಮುದ್ರಣ.

ಗುರುತು ಹಿಡಿಯಲು ಕಣ್ಣೊಂದೇ ಸಾಕು. ಮೊದಲ ಕಾಲದವುಗಳಲ್ಲಿ ಮುಖದ ಮೇಲೆ ದುಂಡನೆಯ ಚಿತ್ರ, ಸುತ್ತ ಭಾಷೆಗೊಂದು ಬಣ್ಣ. ಗ್ರೀಕಿಗೆ ಕಂದು, ಲ್ಯಾಟಿನ್ನಿಗೆ ನೇರಳೆ, ಫ್ರೆಂಚಿಗೆ ಹಸಿರು, ರಷ್ಯನ್ನಿಗೆ ಕೆಂಪು. 1963ರಿಂದ ಜೆರ್ಮಾನೊ ಫಚೆಟ್ಟಿ ತಂದ ಕಪ್ಪು ಮುಖಪುಟ, ಮೇಲೊಂದು ಹಳೆಯ ಕಲಾಕೃತಿ. 2003ರ ಆಸುಪಾಸಿನಿಂದ ಈಗ ಕಾಣುವ ಕಪ್ಪು, ಬಿಳಿ ಪಟ್ಟಿ. ಬೆಲೆಯೂ ಸಾಕ್ಷಿ ಹೇಳುತ್ತದೆ, ಯಾಕೆಂದರೆ 1971ರಲ್ಲಿ ಇಂಗ್ಲೆಂಡಿನ ನಾಣ್ಯದ ಲೆಕ್ಕ ಬದಲಾಯಿತು. ಬೆಲೆ ಶಿಲ್ಲಿಂಗಿನಲ್ಲಿ ಮಾತ್ರ ಇದ್ದರೆ 1971ರ ಫೆಬ್ರವರಿಗೆ ಹಿಂದಿನದು, ಹೊಸ ಪೆನ್ಸಿನಲ್ಲಿ ಮಾತ್ರ ಇದ್ದರೆ ಆಮೇಲಿನದು. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆ 13 ಅಂಕಿಯದ್ದಾದರೆ 2007ರ ಸುಮಾರಿನಿಂದ ಈಚಿನದು. ಇಂಗ್ಲೆಂಡಿನಲ್ಲಿ ಅಚ್ಚಾದ ಯಾವ ಮಾಲೆಗಾದರೂ ಈ ಲೆಕ್ಕ ನಡೆಯುತ್ತದೆ. ಈಚಿನವುಗಳ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಒಂದರಿಂದ ಹತ್ತರವರೆಗೆ ಅಂಕಿಗಳ ಸಾಲಿದ್ದರೆ, ಉಳಿದಿರುವ ಸಣ್ಣ ಅಂಕಿಯೇ ಮುದ್ರಣದ ಸಂಖ್ಯೆ.

ಕನ್ನಡಿಗರಿಗೆ ಇಲ್ಲಿ ಒಂದು ಪುಸ್ತಕ ಬೇಕೇಬೇಕು. ಎ. ಕೆ. ರಾಮಾನುಜನ್ ಅನುವಾದಿಸಿದ ವಚನಗಳ 'ಸ್ಪೀಕಿಂಗ್ ಆಫ್ ಶಿವ', 1973. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕ, ಅಲ್ಲಮ ನಾಲ್ವರೂ ಹೋಮರನ ಪಕ್ಕದ ಕಪಾಟಿಗೆ ಹೋಗಿ ಕೂತದ್ದು ಆಗ. ಮರುಮುದ್ರಣಗಳು ಎಲ್ಲೆಡೆ ಸಿಗುತ್ತವೆ. 1973ರ ಪ್ರತಿ ಹುಡುಕಲು ತಾಳ್ಮೆ ಬೇಕು. ನನಗೆ ಸಿಕ್ಕಿದ್ದು ನೋಟ್ಸು, ಗೈಡುಗಳ ರಾಶಿಯಲ್ಲಿ, 80 ರೂಪಾಯಿಗೆ.

ತೊಂದರೆ ಒಂದೇ, ಆದರೆ ದೊಡ್ಡದು. ಬೆನ್ನಿನ ಗೋಂದು. ಎಪ್ಪತ್ತರ ದಶಕದ ಪ್ರತಿಯನ್ನು ಅಗಲ ತೆರೆದರೆ ಪಟ್ಟನೆ ಸದ್ದಾಗಿ ಹಾಳೆ ಕೈಗೆ ಬರುತ್ತದೆ. ಕಾಗದವೂ ಹಳದಿ. ಹಳೆಯದನ್ನು ನೋಡಲು ಇಡಿ, ಓದಲು ಹೊಸ ಪ್ರತಿ ಕೊಳ್ಳಿ. ಎರಡೂ ಸೇರಿದರೂ ಒಂದು ಹೊಸ ಎವ್ರಿಮ್ಯಾನಿನ ಬೆಲೆ ಆಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಬೆಂಗಳೂರಿನಲ್ಲಿ ಇದ್ದು, ತಿಂಗಳಿಗೆ ಐನೂರು ರೂಪಾಯಿ ಎತ್ತಿಡಬಲ್ಲವರು ಹಳೆಯ ಎವ್ರಿಮ್ಯಾನ್ ಹಿಡಿಯಲಿ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು. ಈ ಸುತ್ತು ತಿಂಗಳಿಗೊಮ್ಮೆ ಹಾಕಿದರೆ ಒಂದಾದರೂ ಸಿಗುತ್ತದೆ. ಜೊತೆಗೆ ವರ್ಲ್ಡ್ಸ್ ಕ್ಲಾಸಿಕ್ಸ್ ಕಂಡರೆ ಬಿಡಬೇಡಿ. ಆ ಬೆಲೆಗೆ ಆ ಪುಸ್ತಕ ಇನ್ನೆಷ್ಟು ದಿನ ಸಿಗುತ್ತದೋ.

ವಿದ್ಯಾರ್ಥಿಗಳಿಗೆ ಪೆಂಗ್ವಿನ್. ಫಚೆಟ್ಟಿ ಕಾಲದ ಕಪ್ಪು ಮುಖಪುಟಗಳನ್ನಷ್ಟೇ ಕೂಡಿಡುವ ಹಟ ಹಿಡಿದರೆ ಕಪಾಟು ನೋಡಲೂ ಚೆಂದ. ಕರಾವಳಿ, ಮಲೆನಾಡಿನವರು ಗೋಂದಿನ ಪುಸ್ತಕ, ಕೃತಕ ಚರ್ಮ ಎರಡರಿಂದಲೂ ದೂರ ಇರಿ. ಹೊಲಿದ, ಬಟ್ಟೆಯ ಬೈಂಡು ಮಾತ್ರ ತಗೊಳ್ಳಿ. ಮಳೆಗಾಲದಲ್ಲಿ ಗೋಡೆಗೆ ತಾಗದ ಹಾಗೆ ಇಡಿ, ನಡುವೆ ಒಣಗಿದ ಬೇವಿನೆಲೆ ಹಾಕಿ, ಬಿಸಿಲು ಬಂದ ದಿನ ಕಪಾಟಿನ ಬಾಗಿಲು ತೆಗೆದಿಡಿ. ಪುಸ್ತಕವನ್ನು ನೇರ ಬಿಸಿಲಿಗೆ ಇಟ್ಟರೆ ಬೆನ್ನಿನ ಬಣ್ಣ ಹೋಗುತ್ತದೆ. ಬೂಷ್ಟು ಹಿಡಿದದ್ದನ್ನು ಎಷ್ಟೇ ಅಗ್ಗವಾದರೂ ಮನೆಗೆ ತರಬೇಡಿ, ಪಕ್ಕದವಕ್ಕೂ ಹತ್ತುತ್ತದೆ.

ಕೂಡಿಡುವ ಗೀಳೇ ಇಲ್ಲ, ಹತ್ತು ಒಳ್ಳೆಯ ಪುಸ್ತಕ ಜೀವನ ಪೂರ್ತಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಹೊಸ ಎವ್ರಿಮ್ಯಾನ್. ವರ್ಷಕ್ಕೆ ಎರಡು ಕೊಂಡರೆ ಐದು ವರ್ಷಕ್ಕೆ ಹತ್ತು. ನಾರಾಯಣ್ ಸಂಪುಟದಿಂದ ಶುರುಮಾಡಿ.

ಅಂಗಡಿಯಲ್ಲಿ ಪುಸ್ತಕ ಕೈಗೆ ಬಂದಾಗ ನಾನು ನೋಡುವ ಕ್ರಮ ಇದು. ಮೊದಲು ಮೂಸುತ್ತೇನೆ, ಬೂಷ್ಟಿನ ವಾಸನೆ ಇದ್ದರೆ ವಾಪಸ್ಸು. ಆಮೇಲೆ ಒಳಹಾಳೆ. ಆಮೇಲೆ ಶೀರ್ಷಿಕೆ ಪುಟದ ಎರಡೂ ಬದಿ. ಕೊನೆಗೆ ಹಾಳೆಗಳನ್ನು ಮೆಲ್ಲಗೆ ಒಮ್ಮೆ ಓಡಿಸಿ, ನಡುವೆ ಚಿತ್ರವೋ ನಕ್ಷೆಯೋ ಕಿತ್ತಿದ್ದಾರಾ ಅಂತ ನೋಡುತ್ತೇನೆ. ಎರಡು ನಿಮಿಷದ ಕೆಲಸ. ಮನೆಗೆ ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಸಂಖ್ಯೆ, ಮುದ್ರಣದ ವರ್ಷ, ಕೊಂಡ ಜಾಗ, ಕೊಟ್ಟ ಬೆಲೆ ಬರೆದಿಡುತ್ತೇನೆ. ಪುಸ್ತಕದ ಮೇಲೆ ಬರೆಯುವುದಿಲ್ಲ.

ಅಂದ ಹಾಗೆ, ಠಾಕೂರರ ಮುನ್ನುಡಿಯ ಆ 944 ಜಾಕೆಟ್ ಸಮೇತ ನಿಮಗೆಲ್ಲಾದರೂ ಕಂಡರೆ ಒಂದು ಮಾತು ತಿಳಿಸಿ. ನನ್ನ ಪ್ರತಿಯ ಜಾಕೆಟ್ ನನಗಿಂತ ಮುಂಚೆಯೇ ಎಲ್ಲೋ ಕಳೆದುಹೋಗಿದೆ. ಅದರ ಮುಖ ಹೇಗಿತ್ತು ಅಂತ ನಾನಿನ್ನೂ ನೋಡಿಲ್ಲ.